ಒಂಟಿ ಹೆಂಗಸಿಗೊಂದು ಬಾಡಿಗೆ ಮನೆ



ಬ್ರಿಟನ್ನಿನಲ್ಲಿ 1851ರ ಜನಗಣತಿ ಮುಗಿದು ಲೆಕ್ಕ ಹೊರಬಿದ್ದಾಗ ಅಲ್ಲಿನ ದೊಡ್ಡ ಮನುಷ್ಯರಿಗೆ ಒಂದು ಹೊಸ ಚಿಂತೆ ಹತ್ತಿಕೊಂಡಿತು. ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು, ಅವರಲ್ಲಿ ಲಕ್ಷಗಟ್ಟಲೆ ಮಂದಿಗೆ ಮದುವೆಯಾಗಿಲ್ಲ, ಆಗುವ ಲಕ್ಷಣವೂ ಕಾಣುತ್ತಿಲ್ಲ. ಏನು ಮಾಡೋಣ ಇವರನ್ನು? 1862ರಲ್ಲಿ ಡಬ್ಲ್ಯು. ಆರ್. ಗ್ರೆಗ್ ಎಂಬ ಲೇಖಕರು ಇದರ ಮೇಲೆ ಉದ್ದನೆಯ ಪ್ರಬಂಧ ಬರೆದು ಒಂದು ಪರಿಹಾರ ಸೂಚಿಸಿದರು. ಹೆಚ್ಚಾದವರನ್ನು ಹಡಗು ಹತ್ತಿಸಿ ಗಂಡಸರು ಹೆಚ್ಚಿರುವ ವಸಾಹತುಗಳಿಗೆ ಕಳಿಸಿಬಿಡುವುದು. ದವಸದ ಮೂಟೆಯನ್ನು ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಸಾಗಿಸುವ ಹಾಗೆ.

ಗ್ರೆಗ್ ಮಹಾಶಯರ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಮನೆಗೆಲಸದ ಹೆಂಗಸರನ್ನು ಅವರು ಈ ಹೆಚ್ಚುವರಿ ಪಟ್ಟಿಗೆ ಸೇರಿಸಲೇ ಇಲ್ಲ. ಅವರಿಗೂ ಮದುವೆಯಾಗಿರಲಿಲ್ಲ. ಆದರೆ ಅವರು ಯಾರದೋ ಮನೆಯಲ್ಲಿದ್ದಾರೆ, ಯಜಮಾನರ ಅನ್ನ ತಿಂದು ಯಜಮಾನರ ಸೇವೆ ಮಾಡುತ್ತಿದ್ದಾರೆ, ಆದ್ದರಿಂದ ಅವರ ವಿಷಯದಲ್ಲಿ ಚಿಂತೆಯಿಲ್ಲ ಎಂಬುದು ಗ್ರೆಗ್ ವಾದ. ಚಿಂತೆ ಇದ್ದದ್ದು ತನ್ನ ಬಾಗಿಲನ್ನು ತಾನೇ ಹಾಕಿಕೊಂಡು ಮಲಗುವ ಹೆಂಗಸಿನ ಬಗ್ಗೆ. ಇವತ್ತು ನಾನು ಹೇಳಹೊರಟಿರುವುದು ಆ ಬಾಗಿಲಿನ ಚರಿತ್ರೆ. ಲಂಡನ್ನಿನಲ್ಲಿ ಒಂಟಿ ಹೆಂಗಸರಿಗೆ ಕೈಗೆಟುಕುವ ಬಾಡಿಗೆಗೆ ಮನೆ ಒದಗಿಸುವುದನ್ನೇ ಕಾಯಕ ಮಾಡಿಕೊಂಡು, ನೂರು ವರ್ಷ ದಾಟಿ ಇವತ್ತಿಗೂ ನಡೆಯುತ್ತಿರುವ ಒಂದು ಸಂಸ್ಥೆ ಇದೆ. ಹೆಸರು ವಿಮೆನ್ಸ್ ಪಯನಿಯರ್ ಹೌಸಿಂಗ್. ಅದು ಹುಟ್ಟಿದ್ದು 1920ರಲ್ಲಿ. ಆದರೆ ಅದರ ಬೇರು ಹುಡುಕಿಕೊಂಡು ಹೋದರೆ ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ.

ತೀರಾ ಹಿಂದಕ್ಕೆ ಹೋಗುವುದಾದರೆ ಹದಿಮೂರನೆಯ ಶತಮಾನಕ್ಕೆ. ಈಗಿನ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಸೀಮೆಯ ಊರುಗಳಲ್ಲಿ ಆಗ ಬೆಗೀನ್ ಎಂದು ಕರೆಸಿಕೊಂಡ ಹೆಂಗಸರಿದ್ದರು. ದೈವಭಕ್ತರು, ಆದರೆ ಸನ್ಯಾಸಿನಿಯರಲ್ಲ. ಜೀವನಪೂರ್ತಿಯ ದೀಕ್ಷೆ ಇಲ್ಲ, ಬೇಕಾದರೆ ಬಿಟ್ಟುಹೋಗಿ ಮದುವೆಯಾಗಬಹುದು. ನೂಲುವುದು, ನೇಯುವುದು, ಬಟ್ಟೆ ಒಗೆಯುವುದು, ರೋಗಿಗಳ ಆರೈಕೆ, ಹೀಗೆ ದುಡಿದು ತಮ್ಮ ಹೊಟ್ಟೆ ತಾವೇ ಹೊರೆಯುತ್ತಿದ್ದರು. ಅವರಿದ್ದದ್ದು ವಠಾರಗಳಲ್ಲಿ: ಸುತ್ತ ಗೋಡೆ, ನಡುವೆ ಅಂಗಳ, ಅಂಗಳಕ್ಕೆ ಮುಖ ಮಾಡಿದ ಸಣ್ಣ ಸಣ್ಣ ಮನೆಗಳು. ಕೋರ್ಟ್ರೈಕ್ ಎಂಬ ಊರಿನ ಅಂಥ ವಠಾರ 1238ರಷ್ಟು ಹಳೆಯದು. ಯಾರ ಅಂಕೆಯಲ್ಲೂ ಇಲ್ಲದ ಈ ಹೆಂಗಸರನ್ನು ಕಂಡರೆ ಇಗರ್ಜಿಯವರಿಗೆ ಅನುಮಾನ. 1310ರಲ್ಲಿ ಮಾರ್ಗರೀತ್ ಪೊರೇತ್ ಎಂಬ ಬೆಗೀನಳನ್ನು ಪ್ಯಾರಿಸ್ಸಿನಲ್ಲಿ ಸುಟ್ಟರು. ಆದರೂ ಪದ್ಧತಿ ಸಾಯಲಿಲ್ಲ. ಕೊನೆಯ ಬೆಗೀನ್ ಎನಿಸಿಕೊಂಡ ಮಾರ್ಸೆಲ್ಲಾ ಪ್ಯಾಟಿನ್ ಅದೇ ಕೋರ್ಟ್ರೈಕಿನಲ್ಲಿ ತೀರಿಕೊಂಡದ್ದು 2013ರಲ್ಲಿ! ಆಮ್‌ಸ್ಟರ್‌ಡ್ಯಾಮಿನ ಬೆಗೀನರ ಅಂಗಳದಲ್ಲಿ ಇವತ್ತಿಗೂ ಬಾಡಿಗೆಗಿರುವವರು ಒಂಟಿ ಹೆಂಗಸರೇ. ಇಂಗ್ಲೆಂಡಿನಲ್ಲಿ ಮಾತ್ರ ಇಂಥ ವಠಾರಗಳು ಬೇರೂರಲಿಲ್ಲ.

ಹಾಗಾದರೆ ಇಂಗ್ಲೆಂಡಿನಲ್ಲಿ ಬಡ ಒಂಟಿ ಹೆಂಗಸು ರಾತ್ರಿ ಎಲ್ಲಿ ಮಲಗುತ್ತಿದ್ದಳು? ಮನೆಗೆಲಸದವಳಾದರೆ ಯಜಮಾನರ ಅಟ್ಟದಲ್ಲಿ. ಪಾಠ ಹೇಳುವ ಗವರ್ನೆಸ್ ಆದರೂ ಅಷ್ಟೇ, ಕೋಣೆ ಒಂದು ಮಹಡಿ ಕೆಳಗಿರಬಹುದು. ದೊಡ್ಡ ಬಟ್ಟೆ ಅಂಗಡಿಯ ಹುಡುಗಿಯರಿಗೆ ಅಂಗಡಿಯ ಮೇಲೆಯೇ ಸಾಲು ಹಾಸಿಗೆ. ಅಂದರೆ ಕೆಲಸ ಹೋದ ದಿನವೇ ಸೂರೂ ಹೋಯಿತು. ಇದ್ಯಾವುದೂ ಇಲ್ಲದವರಿಗೆ ರಾತ್ರಿಗಿಷ್ಟು ಎಂದು ಕೊಟ್ಟು ಮಲಗುವ ಲಾಡ್ಜಿಂಗ್ ಹೌಸುಗಳು. ಅದಕ್ಕೂ ಗತಿಯಿಲ್ಲದವರಿಗೆ ನಿರ್ಗತಿಕರ ಸರ್ಕಾರಿ ಮನೆಯಾದ ವರ್ಕ್‌ಹೌಸು.

ಗಂಡಸರ ಪಾಡು ಇದಕ್ಕಿಂತ ವಾಸಿಯಿತ್ತೇ ಎಂದರೆ, ಒಂದು ವಿಷಯದಲ್ಲಿ ಇತ್ತು. ಪ್ರಧಾನಿ ಡಿಸ್ರೇಲಿಯವರ ಕಾರ್ಯದರ್ಶಿಯಾಗಿದ್ದ ಲಾರ್ಡ್ ರೌಟನ್ 1892ರಲ್ಲಿ ವಾಕ್ಸ್‌ಹಾಲ್‌ನಲ್ಲಿ ಕೂಲಿಕಾರ ಗಂಡಸರಿಗಾಗಿ ಒಂದು ದೊಡ್ಡ ವಸತಿಗೃಹ ಕಟ್ಟಿಸಿದರು. ರಾತ್ರಿಗೆ ಆರು ಪೆನ್ಸ್. ಅಷ್ಟಕ್ಕೆ ತನ್ನದೇ ಮರೆಯಿರುವ ಹಾಸಿಗೆ, ಬಿಸಿನೀರು, ಊಟದ ಕೋಣೆ, ಪತ್ರಿಕೆ ಓದಲು ಜಾಗ. 1905ರ ಹೊತ್ತಿಗೆ ಲಂಡನ್ನಿನಲ್ಲಿ ಇಂಥವು ಆರಾದವು. 1907ರಲ್ಲಿ ರಷ್ಯಾದ ಕ್ರಾಂತಿಕಾರರ ಸಭೆಗೆ ಬಂದ ಸ್ಟಾಲಿನ್ ಕೂಡ ವೈಟ್‌ಚಾಪೆಲ್ಲಿನ ರೌಟನ್ ಹೌಸಿನಲ್ಲಿ ಇಳಿದಿದ್ದರು ಎನ್ನುತ್ತಾರೆ. ಆರಕ್ಕೆ ಆರೂ ಗಂಡಸರಿಗೆ. ಹೆಂಗಸರಿಗೆ ಒಂದೂ ಇಲ್ಲ. ಕಾರಣ ಸರಳ: ಹೆಂಗಸರ ಕೂಲಿ ಗಂಡಸರ ಕೂಲಿಯ ಅರ್ಧದ ಆಸುಪಾಸು, ಹಾಸಿಗೆಯ ಖರ್ಚು ಮಾತ್ರ ಇಬ್ಬರಿಗೂ ಒಂದೇ. ಗಂಡಸರ ಆರು ಪೆನ್ಸಿನಲ್ಲಿ ಲಾಭ ಹುಟ್ಟುತ್ತಿತ್ತು. ಹೆಂಗಸರು ಕೊಡಬಲ್ಲ ಕಾಸಿನಲ್ಲಿ ಹುಟ್ಟುತ್ತಿರಲಿಲ್ಲ. ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದಿನ ನೂರು ವರ್ಷದಲ್ಲಿ ಮಾತು ಎಷ್ಟೋ ಬದಲಾಗುತ್ತದೆ, ಈ ಲೆಕ್ಕ ಬದಲಾಗುವುದು ಬಹಳ ನಿಧಾನ.

ಇದನ್ನು ಕಣ್ಣಾರೆ ಕಾಣಲು ಹೊರಟ ಒಬ್ಬ ಹೆಂಗಸಿದ್ದರು, ಮೇರಿ ಹಿಗ್ಸ್. ಮ್ಯಾಂಚೆಸ್ಟರ್ ಬಳಿಯ ಓಲ್ಡಮ್ ಎಂಬ ಹತ್ತಿಗಿರಣಿ ಊರಿನ ಪಾದ್ರಿಯೊಬ್ಬರ ಹೆಂಡತಿ. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ವಿಜ್ಞಾನ ಓದಿದವರು, ಮಕ್ಕಳೊಂದಿಗರು, ವಯಸ್ಸು ಐವತ್ತರ ಹತ್ತಿರ. 1903ರಿಂದಾಚೆಗೆ ಅವರು ಹಳೆಯ ಬಟ್ಟೆ ತೊಟ್ಟು, ಒಬ್ಬ ಗೆಳತಿಯನ್ನು ಜೊತೆ ಮಾಡಿಕೊಂಡು, ಊರೂರು ಅಲೆಯುವ ನಿರ್ಗತಿಕಳ ವೇಷದಲ್ಲಿ ವರ್ಕ್‌ಹೌಸುಗಳಲ್ಲೂ ಅಗ್ಗದ ಲಾಡ್ಜಿಂಗುಗಳಲ್ಲೂ ರಾತ್ರಿ ಕಳೆದರು. ಬಾಗಿಲಲ್ಲಿ ವಿಚಾರಣೆ, ಬಟ್ಟೆ ಕಳಚಿಸಿ ಸ್ನಾನ, ತಿನ್ನಲು ಒಣ ಬ್ರೆಡ್ಡು, ಗಂಜಿ. ಬಾಗಿಲು ಕಾಯುವ ಗಂಡಸಿನಿಂದ ಚುಚ್ಚುಮಾತು. 1906ರಲ್ಲಿ ಅವರು ಇದನ್ನೆಲ್ಲ ಪುಸ್ತಕ ಮಾಡಿದರು. ಅವರು ಕಂಡುಕೊಂಡದ್ದು ಇಷ್ಟು: ಗಂಡಸು ಒಂದು ರಾತ್ರಿ ಬೀದಿಯಲ್ಲಿ ಕಳೆದರೆ ಬೆಳಿಗ್ಗೆ ಕೆಲಸ ಹುಡುಕಬಹುದು. ಹೆಂಗಸು ಒಂದು ರಾತ್ರಿ ಬೀದಿಯಲ್ಲಿ ಕಂಡರೆ ಬೆಳಿಗ್ಗೆ ಅವಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವವರಿಲ್ಲ. ಮೈ ಮಾರಿಕೊಳ್ಳುವ ದಾರಿಗೆ ಹೆಂಗಸರನ್ನು ತಳ್ಳುತ್ತಿದ್ದದ್ದು ಹಲವು ಸಲ ನಾಲ್ಕು ಕಾಸಿನ ಹಾಸಿಗೆಯ ಕೊರತೆ. 1909ರಲ್ಲಿ ಹೆಂಗಸರ ವಸತಿಗೃಹಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಘ ಹುಟ್ಟಿದ್ದರಲ್ಲಿ ಮೇರಿ ಹಿಗ್ಸ್ ಅವರ ಪಾಲು ದೊಡ್ಡದು.

ಅದೇ ಕಾಲದ ಇನ್ನೊಂದು ಸ್ವಾರಸ್ಯದ ಹಣದ ಕಥೆ. ಸ್ಯಾಮ್ಯುಯಲ್ ಲೂಯಿಸ್ ಎಂಬಾತ ಲಂಡನ್ನಿನ ಪ್ರಸಿದ್ಧ ಬಡ್ಡಿ ಸಾಹುಕಾರ. ಜೂಜಾಡಿ, ಕುದುರೆ ಬಾಲಕ್ಕೆ ಕಟ್ಟಿ ಸೋತ ಶ್ರೀಮಂತ ವಂಶದ ಹುಡುಗರೆಲ್ಲ ಈತನ ಗಿರಾಕಿಗಳು. 1901ರಲ್ಲಿ ಸಾಯುವಾಗ ಬಡವರ ಮನೆಗಳಿಗಾಗಿ ಭಾರಿ ಮೊತ್ತ ಬರೆದಿಟ್ಟ. ಅವನ ಹೆಂಡತಿ ಏಡಾ 1906ರಲ್ಲಿ ತೀರಿಕೊಂಡಾಗ ಅವಳ ಉಯಿಲಿನಲ್ಲಿ ಹೆಂಗಸರ ವಸತಿಗೃಹಕ್ಕೆಂದೇ ಬೇರೆ ಹಣವಿತ್ತು. ಅದರಿಂದ 1913ರಲ್ಲಿ ನ್ಯೂ ಕೆಂಟ್ ರೋಡಿನಲ್ಲಿ ಏಡಾ ಲೂಯಿಸ್ ಹೌಸ್ ಎದ್ದಿತು, ಇನ್ನೂರಕ್ಕೂ ಹೆಚ್ಚು ಹೆಂಗಸರು ಮಲಗುವಷ್ಟು ದೊಡ್ಡದು. ಲಾರ್ಡುಗಳ ಜೂಜಿನ ಬಡ್ಡಿಯಲ್ಲಿ ಹೊಲಿಗೆಯವರಿಗೆ, ಹೋಟೆಲಿನಲ್ಲಿ ಬಡಿಸುವ ಹುಡುಗಿಯರಿಗೆ ಹಾಸಿಗೆ ಸಿಕ್ಕಿತು. ನನಗಂತೂ ಇದು ಬಡ್ಡಿ ಹಣಕ್ಕೆ ಸಿಕ್ಕ ಸದ್ಗತಿ ಎನಿಸುತ್ತದೆ.

ಇನ್ನು ಓದುಬರಹ ಕಲಿತ ಮಧ್ಯಮವರ್ಗದ ಹೆಂಗಸರು. ಟೈಪಿಸ್ಟರು, ಶಿಕ್ಷಕಿಯರು, ಆಗಷ್ಟೇ ಕಣ್ಣುಬಿಡುತ್ತಿದ್ದ ಲೇಡಿ ಡಾಕ್ಟರುಗಳು. 1889ರಲ್ಲಿ ಲಂಡನ್ನಿನ ಚೆನೀಸ್ ಸ್ಟ್ರೀಟಿನಲ್ಲಿ ಇಂಥವರಿಗಾಗಿ ಲೇಡೀಸ್ ಚೇಂಬರ್ಸ್ ಎಂಬ ಕಟ್ಟಡ ಶುರುವಾಯಿತು. ಅದರ ಹಿಂದಿದ್ದವರಲ್ಲಿ ಆಗ್ನೆಸ್ ಗ್ಯಾರೆಟ್ ಒಬ್ಬರು. ಮತದ ಹಕ್ಕಿಗಾಗಿ ಹೋರಾಡಿದ ಮಿಲಿಸೆಂಟ್ ಫಾಸೆಟ್ ಅವರ ಅಕ್ಕ, ಒಳಾಂಗಣ ಅಲಂಕಾರದ ಕೆಲಸವನ್ನು ವೃತ್ತಿಯಾಗಿಯೇ ಮಾಡುತ್ತಿದ್ದವರು. ಪ್ರತಿಯೊಬ್ಬರಿಗೂ ಬೇರೆ ಕೋಣೆ, ಊಟಕ್ಕೆ ಎಲ್ಲರೂ ಸೇರುವ ಪಂಕ್ತಿ. ಚೆನ್ನಾಗಿಯೇ ಇತ್ತು, ಆದರೆ ಬಾಡಿಗೆ ಮಾತ್ರ ಗುಮಾಸ್ತೆಯ ಸಂಬಳಕ್ಕೆ ನಿಲುಕುವಂಥದ್ದಲ್ಲ. ಅಗ್ಗದ ಹಾಸ್ಟೆಲ್ಲುಗಳಲ್ಲಿ ಇರಬೇಕೆಂದರೆ ನಿಯಮಗಳ ಪಟ್ಟಿ. ರಾತ್ರಿ ಇಷ್ಟು ಗಂಟೆಗೆ ಬಾಗಿಲು, ಗಂಡಸರು ಬಂದರೆ ಕೆಳಗಿನ ಕೋಣೆಯಲ್ಲೇ ಮಾತಾಡಿಸಿ ಕಳಿಸಬೇಕು, ಮೇಟ್ರನ್ ಕೇಳಿದಾಗ ಎಲ್ಲಿಗೆ ಹೋಗಿದ್ದೆ ಎಂದು ಹೇಳಬೇಕು. ಬೆಂಗಳೂರಿನಲ್ಲಿ ಪಿಜಿ ಹುಡುಕಿದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಲಂಡನ್ನಿನ ಒಂಟಿ ಹೆಂಗಸರ ವಸತಿಯ ಚರಿತ್ರೆಯಲ್ಲಿ ನಮ್ಮ ದೇಶದವರದ್ದೂ ಒಂದು ಅಧ್ಯಾಯವಿದೆ. ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬ್ರಿಟಿಷ್ ಕುಟುಂಬಗಳು ಇಂಡಿಯಾದಿಂದ ತಮ್ಮ ದೇಶಕ್ಕೆ ಹೊರಟಾಗ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಹಡಗಿನಲ್ಲಿ ಜೊತೆಗೆ ಕರೆದೊಯ್ಯುತ್ತಿದ್ದರು. ವಾರಗಟ್ಟಲೆಯ ಪ್ರಯಾಣ. ದೊರೆಸಾನಿಗೆ ಸಮುದ್ರದ ವಾಂತಿ, ಮಕ್ಕಳು ಆಯಾಳ ಸೆರಗಿನಲ್ಲಿ. ಊರು ಮುಟ್ಟಿದ ಮೇಲೆ ಆಯಾ ಬೇಡ. ಕೆಲವರು ವಾಪಸು ಟಿಕೇಟು ಕೊಡುತ್ತಿದ್ದರು, ಕೆಲವರು ಹಾಗೇ ಬಿಟ್ಟುಬಿಡುತ್ತಿದ್ದರು. ಇಂಥವರಿಗಾಗಿ ಲಂಡನ್ನಿನ ಆಲ್ಡ್‌ಗೇಟ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಆಯಾಗಳ ಮನೆ ಇತ್ತು. 1900ರಲ್ಲಿ ಅದು ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರೋಡಿಗೆ ಬದಲಾಯಿತು. ನಡೆಸುತ್ತಿದ್ದವರು ಲಂಡನ್ ಸಿಟಿ ಮಿಷನ್ನಿನ ಕ್ರೈಸ್ತ ಪ್ರಚಾರಕರು.

ಆ ಮನೆ ನಡೆಯುತ್ತಿದ್ದ ಬಗೆ ನೋಡಿ. ಆಯಾ ತನ್ನ ವಾಪಸು ಟಿಕೇಟನ್ನು ಮನೆಯ ಮೇಟ್ರನ್ ಕೈಗೆ ಒಪ್ಪಿಸುತ್ತಾಳೆ. ಇಂಡಿಯಾಗೆ ಹೊರಟ ಇನ್ನೊಂದು ಕುಟುಂಬಕ್ಕೆ ಆಯಾ ಬೇಕಾಗಿರುತ್ತದೆ. ಅವರಿಗೆ ಆಯಾಳ ಸೇವೆಯ ಜೊತೆಗೆ ಆ ಟಿಕೇಟೂ ಮಾರಾಟ. ಹಾಗೆ ಬಂದ ಹಣದಲ್ಲಿ ಅವಳು ಕಾದುಕೊಂಡಿದ್ದ ದಿನಗಳ ಊಟ, ಹಾಸಿಗೆಯ ಖರ್ಚು ತೂಗಿಹೋಗುತ್ತದೆ. ವರ್ಷಕ್ಕೆ ನೂರರಷ್ಟು ಹೆಂಗಸರು ಅಲ್ಲಿ ತಂಗುತ್ತಿದ್ದರು. ಮದರಾಸು, ಬೊಂಬಾಯಿ, ಕಲ್ಕತ್ತೆಯಿಂದ ಹಡಗು ಹತ್ತಿದವರು, ಜೊತೆಗೆ ಚೀನಾ ಕಡೆಯ ದಾದಿಯರು. ಕಾಯುವ ಹೊತ್ತಿನಲ್ಲಿ ಬೈಬಲ್ ಪಾಠ ಧಾರಾಳ. ಸೂರು ಕೊಟ್ಟದ್ದು ನಿಜ, ಆದರೆ ಅದು ಬಂದರಿನ ತಂಗುದಾಣ. ಅಲ್ಲಿ ಉಳಿಯಲೆಂದು ಯಾರೂ ಬಂದದ್ದಲ್ಲ, ಯಾರೂ ಉಳಿಸಿಕೊಳ್ಳಲೂ ಇಲ್ಲ. ಹ್ಯಾಕ್ನಿಯ ಆ ಮನೆಯ ಗೋಡೆಗೆ ಈಗ ನೀಲಿ ಸ್ಮಾರಕ ಫಲಕ ಬಂದಿದೆ, 2022ರಲ್ಲಿ.

ಈಗ ಮೊದಲನೆಯ ಮಹಾಯುದ್ಧಕ್ಕೆ ಬರೋಣ. ಯುದ್ಧದಲ್ಲಿ ಬ್ರಿಟನ್ ಏಳು ಲಕ್ಷಕ್ಕೂ ಹೆಚ್ಚು ಗಂಡಸರನ್ನು ಕಳೆದುಕೊಂಡಿತು. 1921ರ ಜನಗಣತಿಯಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಹದಿನೇಳು ಲಕ್ಷದಷ್ಟು ಮುಂದಿತ್ತು. ಪತ್ರಿಕೆಗಳು ಗ್ರೆಗ್ ಕಾಲದ ಹಳೇ ರಾಗ ಮತ್ತೆ ತೆಗೆದವು. ಯುದ್ಧಕಾಲದಲ್ಲಿ ಕಾರ್ಖಾನೆ, ಕಚೇರಿ, ಬಸ್ಸು ನಡೆಸಿದ ಹೆಂಗಸರೆಲ್ಲ ಈಗ ಗಂಡಸರಿಗೆ ಜಾಗ ಬಿಟ್ಟು ಮನೆಗೆ ಹೋಗಿ ಎಂದರು. ಯಾವ ಮನೆಗೆ ಎಂದು ಯಾರೂ ಹೇಳಲಿಲ್ಲ.

ಸರ್ಕಾರ ಮನೆ ಕಟ್ಟಲು ಹೊರಟದ್ದೇನೋ ನಿಜ. 1919ರ ಅಡಿಸನ್ ಕಾಯಿದೆಯ ಪ್ರಕಾರ ಮೂರು ವರ್ಷದಲ್ಲಿ ಐದು ಲಕ್ಷ ಮನೆ ಕಟ್ಟುವ ಭರವಸೆ. ಕಟ್ಟಿದ್ದು ಎರಡು ಲಕ್ಷದ ಮೇಲಷ್ಟು. ಅವು ಯುದ್ಧದಿಂದ ಬಂದ ಸೈನಿಕನಿಗೆ, ಅವನ ಹೆಂಡತಿಗೆ, ಮಕ್ಕಳಿಗೆ ಎಂದು ಯೋಜಿಸಿದವು. ಮೂರು ಮಲಗುವ ಕೋಣೆ, ಹಿಂದೆ ಕೈತೋಟ. ಒಬ್ಬಳೇ ಇರುವ ಹೆಂಗಸು ಆ ನಕ್ಷೆಯಲ್ಲಿ ಎಲ್ಲೂ ಬರುವುದಿಲ್ಲ.

ಮನೆಗೂ ಮತಕ್ಕೂ ಇದ್ದ ಗಂಟೊಂದನ್ನು ಇಲ್ಲಿ ಬಿಡಿಸಿ ಹೇಳಬೇಕು. 1918ರಲ್ಲಿ ಬ್ರಿಟನ್ನಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಅದು ಮೂವತ್ತು ದಾಟಿದವರಿಗೆ ಮಾತ್ರ. ಅವರಲ್ಲೂ ಹೆಂಗಸು ಮನೆಯೊಂದನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡಿರಬೇಕು, ಇಲ್ಲವೇ ಅಂಥ ಗಂಡನ ಹೆಂಡತಿಯಾಗಿರಬೇಕು. ಕುರ್ಚಿ ಮಂಚ ಸಹಿತ ಬಾಡಿಗೆಗೆ ಕೊಡುವ ಒಂಟಿ ಕೋಣೆಯಲ್ಲಿದ್ದವಳಿಗೆ, ಯಜಮಾನರ ಅಟ್ಟದಲ್ಲಿದ್ದವಳಿಗೆ, ಹಾಸ್ಟೆಲ್ಲಿನಲ್ಲಿದ್ದವಳಿಗೆ ಮತವಿಲ್ಲ. ಹಕ್ಕಿಗಾಗಿ ಜೈಲಿಗೆ ಹೋಗಿಬಂದವಳಿಗೂ ಇಲ್ಲ, ಅವಳಿಗೊಂದು ಮನೆಯಿಲ್ಲದಿದ್ದರೆ! 1928ರವರೆಗೂ ಹೀಗೆಯೇ ನಡೆಯಿತು. ಮತದ ಹೋರಾಟದಲ್ಲಿದ್ದ ಹೆಂಗಸರು ಅದು ಮುಗಿಯುತ್ತಿದ್ದಂತೆ ಮನೆಯ ಪ್ರಶ್ನೆಗೆ ಕೈಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆ ಕೈಹಾಕಿದವರು ಎಥಲ್‌ಡ್ರೆಡ್ ಬ್ರೌನಿಂಗ್. ಐರ್ಲೆಂಡಿನಲ್ಲಿ ಮತದ ಹಕ್ಕಿನ ಚಳವಳಿಯಲ್ಲಿದ್ದವರು. ಬಳಿಕ ಲಂಡನ್ನಿಗೆ ಬಂದು ಉದ್ಯಾನ ನಗರಗಳ ಸಂಘದ ಮಹಿಳಾ ವಿಭಾಗದಲ್ಲಿ ಕೆಲಸ ಮಾಡಿದರು. ಅಲ್ಲಿ ಮನೆಗಳ ನಕ್ಷೆ, ವೆಚ್ಚ, ಬಾಡಿಗೆಯ ಲೆಕ್ಕವೆಲ್ಲ ಅವರಿಗೆ ಕರಗತವಾಯಿತು. 1920ರ ಅಕ್ಟೋಬರಿನಲ್ಲಿ ಅವರು ಗೆಳತಿಯರನ್ನು ಕೂಡಿಕೊಂಡು ವಿಮೆನ್ಸ್ ಪಯನಿಯರ್ ಹೌಸಿಂಗ್ ಸಂಸ್ಥೆಯನ್ನು ನೋಂದಾಯಿಸಿದರು. ಆರಂಭದಲ್ಲಿ ಬೆನ್ನಿಗಿದ್ದವರಲ್ಲಿ ಲೇಡಿ ರೋಂಡಾ ಒಬ್ಬರು. ಕಲ್ಲಿದ್ದಲು ಗಣಿಗಳ ಒಡೆತನದ ಮನೆಯವರು, 1915ರಲ್ಲಿ ಲುಸಿಟಾನಿಯಾ ಹಡಗು ಮುಳುಗಿದಾಗ ನೀರಿನಲ್ಲಿ ತೇಲಿ ಬದುಕಿ ಬಂದವರು. ತಂದೆಯ ಪದವಿ ತನಗೆ ಬಂದಿದೆ, ಹಾಗಾಗಿ ಲಾರ್ಡ್ಸ್ ಸಭೆಯಲ್ಲಿ ತನಗೆ ಕುರ್ಚಿ ಕೊಡಿ ಎಂದು ಕೇಳಿದರು, ಹೆಂಗಸು ಎಂಬ ಕಾರಣಕ್ಕೆ ಕೊಡಲಿಲ್ಲ. ಜಗಳಗಂಟಿಯರ ಸಂಸ್ಥೆ ಎನ್ನಬೇಕು, ಒಳ್ಳೆಯ ಅರ್ಥದಲ್ಲಿ.

ಬ್ರೌನಿಂಗ್ ಅವರ ಯೋಜನೆ ಹಿಂದಿನವರ ಯೋಜನೆಗಳಿಗಿಂತ ಎಲ್ಲಿ ಬೇರೆ? ಹಿಂದಿನವರೆಲ್ಲ ಹೆಂಗಸಿನ ನಡತೆಯಿಂದ ಶುರುಮಾಡಿದ್ದರು. ಅವಳು ಕೆಡದಿರಲಿ ಎಂದು ಸೂರು, ಸೂರಿನ ಜೊತೆಗೆ ಕಾವಲು. ಬ್ರೌನಿಂಗ್ ಶುರುಮಾಡಿದ್ದು ಅವಳ ಸಂಬಳದ ಚೀಟಿಯಿಂದ. ಹೆಂಗಸು ದುಡಿಯುತ್ತಾಳೆ, ಬಾಡಿಗೆ ಕಟ್ಟುತ್ತಾಳೆ. ಅವಳ ಸಂಬಳಕ್ಕೆ ಹೊಂದುವ ಬಾಡಿಗೆಯ ಮನೆ ಪೇಟೆಯಲ್ಲಿಲ್ಲ, ಕೊರತೆ ಅಷ್ಟೇ. ಆದ್ದರಿಂದ ಸಂಸ್ಥೆಯನ್ನು ಸಹಕಾರ ಸಂಘದ ಕಾಯಿದೆಯಡಿ ಕಟ್ಟಿದರು. ಷೇರು ಮಾರಿ ಬಂಡವಾಳ ಎತ್ತುವುದು, ಲಾಭಾಂಶಕ್ಕೆ ಮಿತಿ ಹಾಕುವುದು, ಬಂದ ಬಾಡಿಗೆಯಲ್ಲಿ ಸಾಲ ತೀರಿಸಿ ಇನ್ನೊಂದು ಮನೆ ಹಿಡಿಯುವುದು. ಇದರ ಹಿಂದೆ ಆಕ್ಟೇವಿಯಾ ಹಿಲ್ ಅವರ ದಾರಿಯೂ ಇತ್ತು. 1865ರಲ್ಲಿ ಜಾನ್ ರಸ್ಕಿನ್ ಹೂಡಿದ ಹಣದಲ್ಲಿ ಮೂರು ಕೊಳಕು ಮನೆಗಳನ್ನು ಹಿಡಿದು, ರಿಪೇರಿ ಮಾಡಿಸಿ, ಬಡವರಿಗೆ ಬಾಡಿಗೆಗೆ ಕೊಟ್ಟು, ರಸ್ಕಿನ್ನರಿಗೆ ನೂರಕ್ಕೆ ಐದರಂತೆ ತಪ್ಪದೆ ಸಲ್ಲಿಸಿದ ಗಟ್ಟಿಗಿತ್ತಿ ಅವರು. ಆದರೆ ಹಿಲ್ ಬಾಡಿಗೆ ವಸೂಲಿಗೆ ಹೋದಾಗ ಬುದ್ಧಿಮಾತನ್ನೂ ಹೇಳಿಬರುತ್ತಿದ್ದರು. ಬ್ರೌನಿಂಗ್ ಅವರ ಬಾಡಿಗೆದಾರರಿಗೆ ಬುದ್ಧಿಮಾತು ಬೇಕಿರಲಿಲ್ಲ. ಬೇಕಿದ್ದದ್ದು ಬೀಗದ ಕೈ.

ಮನೆ ಎಲ್ಲಿಂದ ತರುವುದು? ಇಲ್ಲಿ ಯುದ್ಧವೇ ಒಂದು ದಾರಿ ತೋರಿಸಿತ್ತು. ಪಶ್ಚಿಮ ಲಂಡನ್ನಿನ ಕೆನ್ಸಿಂಗ್ಟನ್, ನಾಟಿಂಗ್ ಹಿಲ್, ಹಾಲೆಂಡ್ ಪಾರ್ಕ್ ಕಡೆ ವಿಕ್ಟೋರಿಯಾ ಕಾಲದ ದೊಡ್ಡ ದೊಡ್ಡ ಮನೆಗಳ ಸಾಲು. ಒಂದೊಂದೂ ನಾಲ್ಕೈದು ಅಂತಸ್ತು. ನೆಲಮಾಳಿಗೆಯಲ್ಲಿ ಅಡುಗೆಮನೆ, ಅದರ ಮೇಲೆ ಊಟದ ಹಾಲು, ಮೊದಲ ಮಹಡಿಯಲ್ಲಿ ಎತ್ತರದ ಸೂರಿನ ದಿವಾನಖಾನೆ, ಮುಂದೆ ಬಾಲ್ಕನಿ. ಮೇಲಕ್ಕೆ ಹೋದಂತೆ ಮಲಗುವ ಕೋಣೆಗಳು, ತುದಿಯಲ್ಲಿ ಕೆಲಸದವರ ಅಟ್ಟ. ಬಿಸಿನೀರಿನ ಕೊಡ, ಕಲ್ಲಿದ್ದಲಿನ ಬುಟ್ಟಿ ಎಲ್ಲವೂ ಕೆಲಸದ ಹುಡುಗಿಯರ ಕೈಯಲ್ಲಿ ಮೆಟ್ಟಿಲು ಹತ್ತಬೇಕು. ಯುದ್ಧಕ್ಕೆ ಮುಂಚೆ ಇಂಥ ಮನೆಯಲ್ಲಿ ಒಂದು ಕುಟುಂಬ, ಅದನ್ನು ಸಾಕಲು ಆರೇಳು ಜನ ಕೆಲಸದವರು. ಯುದ್ಧದಲ್ಲಿ ಕಾರ್ಖಾನೆಯ ಕೂಲಿಯ ರುಚಿ ಕಂಡ ಹುಡುಗಿಯರು ಮೆಟ್ಟಿಲ ಚಾಕರಿಗೆ ವಾಪಸು ಬರಲು ಒಪ್ಪಲಿಲ್ಲ. ಕೆಲಸದವರಿಲ್ಲದೆ ಮನೆ ನಡೆಯುವುದಿಲ್ಲ, ಹಾಗಾಗಿ ಮನೆಗಳು ಮಾರಾಟಕ್ಕೆ, ಭೋಗ್ಯಕ್ಕೆ ಬಂದವು. ಸಂಸ್ಥೆ ಮೊದಲು ಹಿಡಿದದ್ದು ಹಾಲೆಂಡ್ ಪಾರ್ಕ್ ಅವೆನ್ಯೂವಿನ 167ನೇ ನಂಬರಿನ ಮನೆ.

ಇವುಗಳನ್ನು ಒಡೆದು ಒಬ್ಬೊಬ್ಬರ ಮನೆಗಳಾಗಿ ಮಾಡುವ ಕೆಲಸ ಗರ್ಟ್ರೂಡ್ ಲೆವರ್ಕಸ್ ಅವರ ಪಾಲಿಗೆ ಬಂತು. 1898ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು, ಯುದ್ಧದ ನಡುವೆಯೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಿದವರು. 1922ರಲ್ಲಿ ರಾಜಮನ್ನಣೆಯ ವಾಸ್ತುಶಿಲ್ಪಿಗಳ ಸಂಸ್ಥೆಗೆ ಸೇರಿದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ದೊಡ್ಡವರ ಬಂಗಲೆ ಕಟ್ಟುವ ಕೆಲಸವನ್ನು ಎಳೆಯ ಹೆಂಗಸಿನ ಕೈಗೆ ಯಾರು ಕೊಟ್ಟಾರು? ಈ ಮನೆ ಒಡೆಯುವ ಕೆಲಸವೇ ಅವರ ಅನ್ನವಾಯಿತು, ಕೀರ್ತಿಯೂ ಆಯಿತು. ಅವರ ಕೈಯಲ್ಲಿ ನಲವತ್ತಕ್ಕೂ ಹೆಚ್ಚು ದೊಡ್ಡ ಮನೆಗಳು ಫ್ಲ್ಯಾಟುಗಳಾದವು.

ಈ ಕೆಲಸದ ಕಷ್ಟ ಊಹಿಸಿಕೊಳ್ಳಿ. ಅಷ್ಟೆತ್ತರದ ದಿವಾನಖಾನೆಯಲ್ಲಿ ಈಗ ಒಬ್ಬ ಟೈಪಿಸ್ಟು ಇರಬೇಕು. ಅವಳಿಗೆ ಮಂಚ ಇಡಲು ಜಾಗ, ಒಲೆ, ಸಿಂಕು, ಬಟ್ಟೆಯ ಬೀರು, ತನ್ನದೇ ಮುಂಬಾಗಿಲು ಬೇಕು. ನಡುಗೋಡೆ ಎಬ್ಬಿಸಬೇಕು, ಆದರೆ ಸೂರಿನ ಗಾರೆಯ ಹೂಬಳ್ಳಿಯ ನಡುವೆ ಗೋಡೆ ಹೋದರೆ ಅಸಹ್ಯ, ಕಿಟಕಿಯನ್ನು ಎರಡು ಪಾಲು ಮಾಡಿದರೆ ಇಬ್ಬರಿಗೂ ಕತ್ತಲೆ. ಐದು ಅಂತಸ್ತಿಗೂ ನೀರಿನ ಪೈಪು, ಗ್ಯಾಸಿನ ಪೈಪು ಹೊಸದಾಗಿ ಎಳೆಯಬೇಕು. ಒಬ್ಬೊಬ್ಬರಿಗೂ ಬಚ್ಚಲು ಕೊಡಲು ಹೋದರೆ ಬಾಡಿಗೆ ಏರುತ್ತದೆ, ಎಲ್ಲರಿಗೂ ಒಂದೇ ಎಂದರೆ ಬೆಳಿಗ್ಗೆ ಮೆಟ್ಟಿಲ ಮೇಲೆ ಸಾಲು. ಬಾಡಿಗೆಯ ಪ್ರತಿ ಪೆನ್ನಿಯೂ ನಕ್ಷೆಯ ಗೆರೆಯಲ್ಲಿ ಕಾಣುವ ಕೆಲಸ ಅದು. ಹೊರಗಿನಿಂದ ನೋಡಿದರೆ ಮನೆ ಹಿಂದೆ ಹೇಗಿತ್ತೋ ಹಾಗೇ ಇದೆ. ಕರೆಗಂಟೆಗಳು ಮಾತ್ರ ಒಂದಿದ್ದದ್ದು ಏಳೆಂಟಾಗಿವೆ.

ಈ ಮನೆಗಳು ಮೊದಮೊದಲು ತೀರಾ ಬಡವರಿಗೆ ಸಿಗುತ್ತಿದ್ದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂಸ್ಥೆಯ ಕಣ್ಣಲ್ಲಿದ್ದದ್ದು ಸಾಧಾರಣ ಸಂಬಳದ ಉದ್ಯೋಗಸ್ಥ ಹೆಂಗಸರು, ಅಂದರೆ ಶಿಕ್ಷಕಿ, ದಾದಿ, ಗುಮಾಸ್ತೆ. ಆಫೀಸು ಗುಡಿಸುವವಳು, ಬಟ್ಟೆ ಒಗೆಯುವವಳು ಈ ಬಾಡಿಗೆಯನ್ನೂ ಕೊಡಲಾರದವರಾಗಿದ್ದರು. ಇದು ಸಂಸ್ಥೆಯ ಮಿತಿ. ಆದರೆ ಈ ಶಿಕ್ಷಕಿ, ಗುಮಾಸ್ತೆಯರ ಸ್ಥಿತಿಯೂ ಸುಭದ್ರವಲ್ಲ. ಆಗ ಸರ್ಕಾರಿ ಕಚೇರಿಗಳಲ್ಲಿ, ಬಹಳಷ್ಟು ಶಾಲೆಗಳಲ್ಲಿ ಮದುವೆಯಾದ ಹೆಂಗಸಿಗೆ ಕೆಲಸವಿಲ್ಲ. ಮದುವೆಯಾದ ದಿನ ರಾಜೀನಾಮೆ ಕೊಡಬೇಕು. ಶಿಕ್ಷಕಿಯರಿಗೆ ಈ ಕಟ್ಟಳೆ ತಪ್ಪಿದ್ದು 1944ರಲ್ಲಿ, ಸಿವಿಲ್ ಸರ್ವಿಸಿನವರಿಗೆ 1946ರಲ್ಲಿ. ಅಂದರೆ ಒಂಟಿಯಾಗಿದ್ದರೆ ಮಾತ್ರ ಸಂಬಳ, ಒಂಟಿಯಾಗಿದ್ದರೆ ಮನೆ ಮಾತ್ರ ಸಿಗುವುದಿಲ್ಲ. ವರ್ಜೀನಿಯಾ ವೂಲ್ಫ್ ಹೆಣ್ಣಿಗೆ ತನ್ನದೇ ಕೋಣೆ ಬೇಕೆಂದು ವಾದಿಸಿದ ಪುಸ್ತಕ 1929ರಲ್ಲಿ ಬಂತು. ಆ ಹೊತ್ತಿಗೆ ಬ್ರೌನಿಂಗ್, ಲೆವರ್ಕಸ್ ಅಂಥ ಕೋಣೆಗಳನ್ನು ಹಲವು ವರ್ಷಗಳಿಂದ ಬಾಡಿಗೆಗೆ ಕೊಡುತ್ತಿದ್ದರು.

ಎರಡನೆಯ ಯುದ್ಧದ ಬಾಂಬುಗಳು ಲಂಡನ್ನಿನ ಯಾವ ಬಡಾವಣೆಯನ್ನೂ ಬಿಡಲಿಲ್ಲ. ಆದರೆ ಪಶ್ಚಿಮ ಲಂಡನ್ನಿನ ಬಾಡಿಗೆದಾರರಿಗೆ ಹೆಚ್ಚಿನ ಪೆಟ್ಟು ಕೊಟ್ಟದ್ದು ಕಾಯಿದೆ. 1957ರಲ್ಲಿ ಬಾಡಿಗೆ ನಿಯಂತ್ರಣ ಸಡಿಲಿಸಿದರು. ನಾಟಿಂಗ್ ಹಿಲ್ಲಿನ ಅದೇ ದೊಡ್ಡ ಮನೆಗಳನ್ನು ಪೀಟರ್ ರಾಕ್‌ಮನ್ ಎಂಬ ಮನೆ ಮಾಲೀಕ ಕೊಂಡು, ಹಳೆಯ ಬಾಡಿಗೆದಾರರನ್ನು ಹೆದರಿಸಿ ಓಡಿಸಿ, ಬೇರೆಲ್ಲೂ ಮನೆ ಸಿಗದ ವೆಸ್ಟ್ ಇಂಡೀಸಿನ ವಲಸಿಗರನ್ನು ಕೋಣೆಕೋಣೆಗೆ ತುಂಬಿ ದುಡ್ಡು ಮಾಡಿದ. ಅಂಥದೇ ಮನೆ, ಅಂಥದೇ ಕೋಣೆ ಒಡೆಯುವ ಕೆಲಸ. ಒಬ್ಬರ ಕೈಯಲ್ಲಿ ಅದು ಆಸರೆಯಾಯಿತು, ಇನ್ನೊಬ್ಬನ ಕೈಯಲ್ಲಿ ಸುಲಿಗೆ.

ಆಮೇಲೆ 1974ರಲ್ಲಿ ಇನ್ನೊಂದು ಕಾಯಿದೆ ಬಂತು. ಲಾಭಕ್ಕೆ ನಡೆಯದ ಗೃಹ ಸಂಸ್ಥೆಗಳಿಗೆ ಸರ್ಕಾರದ ದೊಡ್ಡ ಅನುದಾನ ಸಿಗತೊಡಗಿತು. ಅನುದಾನದ ಜೊತೆಗೆ ನಗರಸಭೆಯ ಪಟ್ಟಿಯಿಂದ ಬಂದವರಿಗೆ ಮನೆ ಕೊಡಬೇಕೆಂಬ ಕರಾರುಗಳೂ ಬಂದವು. ಇಂಥ ಸಂಸ್ಥೆಗಳ ಬಾಗಿಲು ಉದ್ಯೋಗಸ್ಥೆಯರ ಆಚೆಗೂ ತೆರೆದದ್ದು, ನಿಜವಾಗಿ ಕೈಯಲ್ಲಿ ಕಾಸಿಲ್ಲದ ಹೆಂಗಸರಿಗೆ ದಾರಿಯಾದದ್ದು ಹೀಗೆ. ಮರುವರ್ಷ, 1975ರಲ್ಲಿ, ಲಿಂಗ ತಾರತಮ್ಯ ನಿಷೇಧದ ಕಾಯಿದೆ. ಅಲ್ಲಿಯವರೆಗೆ ಮನೆ ಸಾಲ ಕೇಳಲು ಹೋದ ಒಂಟಿ ಹೆಂಗಸಿಗೆ, ಅವಳ ಸಂಬಳ ಎಷ್ಟೇ ಇರಲಿ, ತಂದೆಯನ್ನೋ ಅಣ್ಣನನ್ನೋ ಜಾಮೀನಿಗೆ ಕರೆದುಕೊಂಡು ಬಾ ಎನ್ನುವುದು ಮಾಮೂಲಾಗಿತ್ತು.

ನನ್ನ ಮಟ್ಟಿಗೆ ಈ ಚರಿತ್ರೆಯ ಅತಿ ಕಿರಿಕಿರಿಯ ಘಟ್ಟ 1977ರದ್ದು. ಆ ವರ್ಷ ಮನೆಯಿಲ್ಲದವರಿಗೆ ವಸತಿ ಕೊಡುವುದು ಸ್ಥಳೀಯ ಸಂಸ್ಥೆಗಳ ಹೊಣೆ ಎಂದು ಕಾನೂನಾಯಿತು. ದೊಡ್ಡ ಕೆಲಸವೇ. ಆದರೆ ಆದ್ಯತೆ ಯಾರಿಗೆ? ಮಕ್ಕಳಿರುವವರಿಗೆ, ಬಸುರಿಯರಿಗೆ, ಮುಪ್ಪಿನವರಿಗೆ, ಕಾಯಿಲೆಯವರಿಗೆ. ನ್ಯಾಯವೇ, ಯಾರು ಬೇಡವೆಂದಾರು? ಆದರೆ ನಲವತ್ತೈದು ವರ್ಷದ, ಗಟ್ಟಿಮುಟ್ಟಾದ, ಮಕ್ಕಳಿಲ್ಲದ, ಕಡಿಮೆ ಸಂಬಳದ ಹೆಂಗಸು ಆ ಸಾಲಿನ ಕೊನೆಗೆ ನಿಂತಳು. ಅವಳ ಮುಂದೆ ಸದಾ ಯಾರೋ ಒಬ್ಬರು ಹೆಚ್ಚಿನ ಕಷ್ಟದವರು ಇದ್ದೇ ಇರುತ್ತಾರೆ. ತಾಯಿಯಾದರೆ ಮನೆ, ಹೆಂಡತಿಯಾದರೆ ಮನೆ, ರೋಗಿಯಾದರೆ ಮನೆ, ಬರೀ ಹೆಂಗಸಾದರೆ ಕಾಯಬೇಕು. ಐವತ್ತೇಳು ವರ್ಷ ಹಿಂದೆ ಬ್ರೌನಿಂಗ್ ಕಂಡ ಕೊರತೆ ಕಲ್ಯಾಣ ರಾಜ್ಯದ ಒಳಗೂ ಹಾಗೇ ಉಳಿದಿತ್ತು.

ಇವತ್ತು ಸಂಸ್ಥೆಯ ಬಳಿ ಪಶ್ಚಿಮ ಲಂಡನ್ನಿನಲ್ಲಿ ಸುಮಾರು ಸಾವಿರ ಮನೆಗಳಿವೆ. ಈಗ ಅಲ್ಲಿಗೆ ಬರುವವರಲ್ಲಿ ಗಂಡನ ಹೊಡೆತ ತಾಳದೆ ಹೊರಬಂದವರಿದ್ದಾರೆ, ಆಸ್ಪತ್ರೆ ಶಾಲೆಗಳಲ್ಲಿ ಸಣ್ಣ ಸಂಬಳಕ್ಕೆ ದುಡಿಯುವವರಿದ್ದಾರೆ, ಗಂಡ ತೀರಿಕೊಂಡೋ ಬಿಟ್ಟೋ ಒಂಟಿಯಾದ ವಯಸ್ಸಾದವರಿದ್ದಾರೆ. ಹೆಂಗಸರಿಗೇ ಯಾಕೆ ಬೇರೆ ಮನೆ, ಈಗ ಎಲ್ಲರೂ ಸಮಾನರಲ್ಲವೇ ಎಂದು ಕೇಳುವವರಿಗೆ ವಿಮೆನ್ಸ್ ಬಜೆಟ್ ಗ್ರೂಪ್ 2019ರಲ್ಲಿ ಹೊರತಂದ ವರದಿಯೊಂದನ್ನು ತೋರಿಸಬಹುದು. ಮಧ್ಯಮ ಸಂಬಳದ ಹೆಂಗಸೊಬ್ಬಳು ಒಂಟಿಯಾಗಿ ಬಾಡಿಗೆ ಕಟ್ಟಿ ಬದುಕಬಲ್ಲ ಒಂದೇ ಒಂದು ಪ್ರಾಂತ್ಯವೂ ಇಂಗ್ಲೆಂಡಿನಲ್ಲಿಲ್ಲ ಎಂದಿತು ಅದು. ಮನೆ ಕೊಳ್ಳಲು ಗಂಡಸಿಗೆ ತನ್ನ ಎಂಟು ವರ್ಷದ ಸಂಬಳದಷ್ಟು ಬೇಕಾದರೆ ಹೆಂಗಸಿಗೆ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟ ಸಂಬಳ. ರೌಟನ್ ಹೌಸಿನ ಆರು ಪೆನ್ಸಿನ ಲೆಕ್ಕಕ್ಕೆ ನೂರಿಪ್ಪತ್ತೇಳು ವರ್ಷದ ಬಡ್ಡಿ ಸೇರಿಸಿದ ಹಾಗಿದೆ.

ಈಚಿನ ವರ್ಷಗಳಲ್ಲಿ ಸಂಸ್ಥೆಯ ಹಳೆಯ ಮನೆಗಳೇ ಅದಕ್ಕೊಂದು ಕಷ್ಟವಾಗಿವೆ. ವಿಕ್ಟೋರಿಯಾ ಕಾಲದ ಆ ಮೆಟ್ಟಿಲುಗಳು ಮೂವತ್ತರ ಟೈಪಿಸ್ಟಿಗೆ ಸರಿ. ಅವಳೇ ಎಪ್ಪತ್ತಾಗಿ, ಮಂಡಿ ನೋವು ಶುರುವಾಗಿ, ತರಕಾರಿ ಚೀಲ ಹಿಡಿದು ನಾಲ್ಕನೇ ಅಂತಸ್ತು ಹತ್ತಬೇಕಾದಾಗ? ಇಕ್ಕಟ್ಟಾದ ಮೆಟ್ಟಿಲ ಬಾವಿಯಲ್ಲಿ ಲಿಫ್ಟು ಕೂರುವುದಿಲ್ಲ. ಹೀಗಾಗಿ ಸಂಸ್ಥೆ ಹೊಸದಾಗಿ, ಎತ್ತರಕ್ಕೆ ಕಟ್ಟುವ ಯೋಚನೆಗೆ ಇಳಿಯಿತು. ಆಕ್ಟನ್ ಬಡಾವಣೆಯಲ್ಲಿ ತನ್ನ ಹಳೆಯ ಬ್ರೂಕ್ ಹೌಸಿನ ಜಾಗದಲ್ಲಿ 15 ಮಹಡಿಯ, 102 ಫ್ಲ್ಯಾಟಿನ ಕಟ್ಟಡದ ಯೋಜನೆ ಮುಂದಿಟ್ಟಾಗ ಪತ್ರಿಕೆಗಳಿಗೆ ಹಬ್ಬ. ಗಂಡಸರಿಗೆ ಪ್ರವೇಶವಿಲ್ಲದ ಗೋಪುರ ಎಂದು ದೊಡ್ಡ ತಲೆಬರಹ. ವಿಷಯ ಅಷ್ಟಿಲ್ಲ. ಬಾಡಿಗೆ ಕರಾರು ಒಂಟಿ ಹೆಂಗಸಿನ ಹೆಸರಿನಲ್ಲಿ ಆಗುತ್ತದೆ ಎನ್ನುವುದಷ್ಟೇ. ಅಣ್ಣತಮ್ಮಂದಿರು, ಗೆಳೆಯರು ಬಂದುಹೋಗುವುದನ್ನು ಎಣಿಸಲು ಬಾಗಿಲಲ್ಲಿ ಯಾವ ಮೇಟ್ರನ್ನೂ ಕೂತಿರುವುದಿಲ್ಲ.

ತಲೆಬರಹದ ಗದ್ದಲದಲ್ಲಿ ನಕ್ಷೆಯ ಒಳಗಿನ ಎರಡು ವಿವರ ಹೆಚ್ಚು ಜನಕ್ಕೆ ಕಾಣಲಿಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಮೈ ಬಿಸಿಯೇರಿ ಬೆವರುವ ತೊಂದರೆ ಇರುತ್ತದಲ್ಲ, ಅದಕ್ಕೆಂದು ಕೋಣೆಗಳಲ್ಲಿ ಗಾಳಿ ಚೆನ್ನಾಗಿ ಆಡುವಂತೆ ಯೋಚಿಸಿದ್ದರು. ಜೊತೆಗೆ ಅಡುಗೆ ಕಟ್ಟೆಯನ್ನು ಮಾಮೂಲಿಗಿಂತ ಸ್ವಲ್ಪ ತಗ್ಗಿಸಿದ್ದರು, ಸಾಮಾನ್ಯವಾಗಿ ಹೆಂಗಸರ ಎತ್ತರ ಗಂಡಸರಿಗಿಂತ ಕಡಿಮೆಯೆಂದು.